ದರ್ಜಿಯ ಕಾಲಿಗೆ ಒಲಿದ ಅಮೆರಿಕನ್

ಅಮೆರಿಕದ ಮೋಟಾರ್ ಸೈಕಲ್ ಎಂದರೆ ಈಗಿನ ಹುಡುಗರು ಬಾಯಿ ಬಿಟ್ಟುಕೊಂಡು ನೋಡುತ್ತಾರೆ. ಲಕ್ಷಗಟ್ಟಲೆ ಕೊಟ್ಟು ತಂದು, ದಿನಾ ಒರೆಸಿ, ಮಳೆ ಬಂದರೆ ಹೊದಿಕೆ ಹೊದಿಸಿ ಒಳಗಿಡುತ್ತಾರಂತೆ. ನನಗೆ ನಗು ಬರುತ್ತದೆ. ಗುರುವಾಯನಕೆರೆಯಲ್ಲಿ ನಾನು ಕಂಡ ಅಮೆರಿಕದ ಮೋಟಾರ್ ಸೈಕಲ್ ಸೌದೆ ಕೊಟ್ಟಿಗೆಯಲ್ಲಿ ನಿಲ್ಲುತ್ತಿತ್ತು. ಅದರ ಸೀಟಿನ ಮೇಲೆ ಕೋಳಿ ಮೊಟ್ಟೆ ಇಡುತ್ತಿತ್ತು. ಅದನ್ನು ಹೊಟ್ಟೆಕಿಚ್ಚಿನಿಂದ ನೋಡಿದವರು ಊರಲ್ಲಿ ಒಬ್ಬರೂ ಇರಲಿಲ್ಲ. ಅದು ನನ್ನ ಭಾವನ ಸೊತ್ತಾದ್ದರಿಂದ ನಾನಂತೂ ಅತ್ತ ತಿರುಗಿಯೂ ನೋಡುತ್ತಿರಲಿಲ್ಲ.

ಭಾವ ಎಂದರೆ ನನ್ನ ಹೆಂಡತಿಯ ಅಣ್ಣ. ನಮ್ಮ ಮನೆಯಿಂದ ನಾಲ್ಕು ಮನೆ ಆಚೆಗೆ ಅವರ ಮನೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಮಿಲಿಟರಿಯ ಮೋಟಾರ್ ವರ್ಕ್‌ಶಾಪಿನಲ್ಲಿ ಕೆಲಸ ಮಾಡಿ, ಯುದ್ಧ ಮುಗಿದ ಮೇಲೆ ಊರಿಗೆ ಬಂದವರು. ಆಗ ಸೈನ್ಯಕ್ಕೆ ಬೇಡವಾದ ಜೀಪು, ಲಾರಿ, ಮೋಟಾರ್ ಸೈಕಲ್‌ಗಳನ್ನೆಲ್ಲ ರಾಶಿ ಹಾಕಿ ಹರಾಜು ಮಾಡುತ್ತಿದ್ದರು. ಡಿಸ್ಪೋಸಲ್ ಮಾಲು ಎಂದು ಅದಕ್ಕೆ ಹೆಸರು. ಬುದ್ಧಿ ಇದ್ದವರು ಅದರಲ್ಲಿ ಕಂಬಳಿ, ಬೂಟು, ಟಾರ್ಪಾಲು ತಂದರು. ನನ್ನ ಭಾವ ಮದ್ರಾಸಿನಿಂದ ಒಂದು ಮೋಟಾರ್ ಸೈಕಲ್ ತಂದರು. ಟ್ಯಾಂಕಿನ ಮೇಲೆ ಕಂಪೆನಿಯ ಹೆಸರು ಕಾಣುತ್ತಿರಲಿಲ್ಲ, ಮಿಲಿಟರಿಯ ಹಸಿರು ಬಣ್ಣ ಎಲ್ಲವನ್ನೂ ಮುಚ್ಚಿತ್ತು. ಊರಿನವರು ಅದನ್ನು ಸುಮ್ಮನೆ ‘ಅಮೆರಿಕನ್’ ಎಂದು ಕರೆದರು.

ಸಂಜೆ ನನ್ನ ಅಂಗಡಿಯ ಬೆಂಚಿನಲ್ಲಿ ಕುಳಿತು ಭಾವ ಅದರ ಪುರಾಣ ಬಿಚ್ಚುತ್ತಿದ್ದರು. ನಾನು ದರ್ಜಿ. ಕೈಯಲ್ಲಿ ಕೆಲಸ, ಬಾಯಿಗೆ ಬಿಡುವು. ಹಾಗಾಗಿ ಅವರ ತಲೆಹರಟೆಗೆ ಸಿಕ್ಕಿಬೀಳುವವನು ಯಾವಾಗಲೂ ನಾನೇ.

“ಇದರ ಮಾಡೆಲ್ ಡಬ್ಲ್ಯು ಎಲ್ ಎ. ಕಡೆಯ ಎ ಅಂದರೆ ಆರ್ಮಿ. ನಲ್ವತ್ತೈದು ಇಂಚಿನ ಎಂಜಿನ್. ಗೊತ್ತುಂಟಾ ನಿನಗೆ?” ಎಂದು ಒಮ್ಮೆ ಕೇಳಿದರು.

“ಇಂಚು ನನಗೆ ಗೊತ್ತಿಲ್ಲದೆ ಮತ್ತೆ ಯಾರಿಗೆ ಗೊತ್ತು ಭಾವ? ನಲ್ವತ್ತೈದು ಅಂದರೆ ಒಳ್ಳೆಯ ಊಟ ಮಾಡುವವರ ಹೊಟ್ಟೆಯ ಅಳತೆ” ಎಂದೆ.

ಅವರಿಗೆ ಸಿಟ್ಟು ಬಂದರೂ ಕತೆ ನಿಲ್ಲಿಸುವ ಜಾತಿಯಲ್ಲ. ಅಮೆರಿಕದಲ್ಲಿ ಊರಿಂದೂರಿಗೆ ನೂರಾರು ಮೈಲು ನೇರ ರಸ್ತೆಯಂತೆ, ಅದಕ್ಕೇ ಅಲ್ಲಿಯವರು ಎರಡು ಸಿಲಿಂಡರನ್ನು ಇಂಗ್ಲಿಷಿನ ವಿ ಅಕ್ಷರದ ಹಾಗೆ ಕೂರಿಸಿ, ಅವಸರವಿಲ್ಲದೆ ಎಳೆಯುವ ಭಾರದ ಎಂಜಿನ್ ಮಾಡಿದರಂತೆ. ಅಲ್ಲಿ ಪೊಲೀಸರಿಗೂ ಅದೇ, ಸೈನ್ಯಕ್ಕೂ ಅದೇ. ಕೆಟ್ಟ ಪೆಟ್ರೋಲು ಹಾಕಿದರೂ ಕುಡಿದು ಓಡುತ್ತದೆ, ಕೆಸರಿಗೂ ಹೆದರುವುದಿಲ್ಲ. ಎರಡು ದೊಡ್ಡ ಕಂಪೆನಿಗಳು ಒಂದಕ್ಕೊಂದು ಪೈಪೋಟಿ ಮಾಡಿ ಇಂಥವನ್ನು ತಯಾರಿಸುತ್ತಿದ್ದವು. ಎದುರು ಪಾರ್ಟಿಯವರ ಮಾಡೆಲ್‌ಗಳಿಗೆ ಸ್ಕೌಟ್, ಚೀಫ್ ಎಂದು ಹೆಸರು. ಡಿಸ್ಪೋಸಲ್‌ನಲ್ಲಿ ಸಿಕ್ಕ ಅಮೆರಿಕದ ಗಾಡಿಗಳ ಹಿಂದಿನ ಚಕ್ರ ತೆಗೆದು, ಅಲ್ಲಿ ಎರಡು ಚಕ್ರದ ಗಾಡಿ ಸೇರಿಸಿ, ದೆಹಲಿಯವರು ಜನ ಸಾಗಿಸುವ ಫಟ್‌ಫಟಿ ಮಾಡಿದ್ದನ್ನು ಭಾವ ಕಣ್ಣಾರೆ ಕಂಡಿದ್ದರಂತೆ. ಐವತ್ತರ ದಶಕದಲ್ಲಿ ಆ ಎದುರು ಪಾರ್ಟಿಯ ಕಾರ್ಖಾನೆ ಮುಚ್ಚಿತು ಎಂಬ ಸುದ್ದಿ ಬಂದಾಗ ಭಾವ ಸಂತೋಷಪಡುತ್ತಾರೆಂದು ನಾನು ಎಣಿಸಿದ್ದೆ. ಅವರು ಆ ದಿನ ಬೆಂಚಿನಲ್ಲಿ ಕುಳಿತು ಒಂದು ಮಾತೂ ಆಡದೆ ಎದ್ದುಹೋದರು.

ಇಷ್ಟೆಲ್ಲ ಇದ್ದರೂ ಅಮೆರಿಕನನ್ನು ಓಡಿಸಲು ಭಾವನ ಹೊರತು ಯಾರಿಂದಲೂ ಆಗುತ್ತಿರಲಿಲ್ಲ. ನಮ್ಮ ಕಡೆ ಮೋಟಾರ್ ಸೈಕಲ್ ಬಲ್ಲವರೆಂದರೆ ಎಸ್ಟೇಟಿನವರು, ರಸ್ತೆ ಕೆಲಸದ ಓವರ್‌ಸಿಯರು, ಹೀಗೆ ನಾಲ್ಕೈದು ಜನ. ಎಲ್ಲರೂ ಇಂಗ್ಲೆಂಡಿನ ಗಾಡಿಯಲ್ಲಿ ಕಲಿತವರು. ಅದರಲ್ಲಿ ಕ್ಲಚ್ ಎಡಗೈಗೆ, ಗೇರು ಬಲಗಾಲಿಗೆ. ಅಮೆರಿಕನ್‌ನಲ್ಲಿ ಎಲ್ಲ ಉಲ್ಟಾ. ಗೇರಿನ ಕೋಲು ಟ್ಯಾಂಕಿನ ಪಕ್ಕ, ಎಡಗೈಯಲ್ಲಿ ಎಳೆಯಬೇಕು. ಕ್ಲಚ್ ಎಡಗಾಲಿನ ಅಡಿಯಲ್ಲಿ. ಪಾದದಷ್ಟೇ ಉದ್ದದ ಒಂದು ಪೆಡಲು, ಹಿಮ್ಮಡಿ ಒತ್ತಿದರೆ ಎಂಜಿನ್ ಬಿಡುತ್ತದೆ, ಬೆರಳು ಒತ್ತಿದರೆ ಹಿಡಿಯುತ್ತದೆ. ಓವರ್‌ಸಿಯರು ಒಮ್ಮೆ ಜಂಬದಿಂದ ಹತ್ತಿ, ಹೆದರಿ, ಇಲ್ಲದ ಕ್ಲಚ್ಚನ್ನು ಕೈಯಲ್ಲಿ ಹುಡುಕುತ್ತಾ ಗೊಬ್ಬರದ ಗುಂಡಿಗೆ ಹೋದರು. ಆಮೇಲೆ ಅದರ ಹತ್ತಿರ ಯಾರೂ ಸುಳಿಯಲಿಲ್ಲ.

ಈ ಕತೆಯನ್ನು ಈಗ ಹೆದರಿಕೆಯಿಲ್ಲದೆ ಹೇಳುತ್ತಿದ್ದೇನೆ. ಯಾಕೆಂದರೆ ಇದರಲ್ಲಿ ಬರುವ ನನ್ನ ಮಗಳು ಈಗ ಪಕ್ಕದಲ್ಲೇ ಕುಳಿತು, ನಾನು ತಪ್ಪಿದಲ್ಲೆಲ್ಲ ತಿದ್ದುತ್ತಿದ್ದಾಳೆ. ಆಗ ಅವಳಿಗೆ ಆರು ವರ್ಷ. ಒಂದು ಮಳೆಗಾಲದ ಬೆಳಿಗ್ಗೆ ಶಾಲೆಗೆ ಹೋಗುವಾಗ ಎಲ್ಲಿಂದಲೋ ಬಂದ ನಾಯಿ ಅವಳ ಮೀನಖಂಡಕ್ಕೆ ಕಚ್ಚಿ, ಜೊಲ್ಲು ಸುರಿಸುತ್ತಾ ಓಡಿಹೋಯಿತು. ಅದರ ಗುರುತು ಯಾರಿಗೂ ಇರಲಿಲ್ಲ, ಹುಡುಕಿದರೂ ಸಿಕ್ಕಲಿಲ್ಲ.

ನೆರೆಕರೆಯವರೆಲ್ಲ ಬಂದು ತಲೆಗೊಂದು ಮದ್ದು ಹೇಳಿದರು. ಒಬ್ಬರು ಸುಣ್ಣ ಹಚ್ಚು ಎಂದರು, ಇನ್ನೊಬ್ಬರು ಮೆಣಸು ಅರೆದು ಕಟ್ಟು ಎಂದರು. ನಾನು ಅವರ ಮಾತಿಗೆ ತಲೆಯಾಡಿಸುತ್ತಾ ನಿಂತಿದ್ದೆ, ಬುದ್ಧಿ ಓಡಲಿಲ್ಲ. ಹೆಂಡತಿ ಮಗುವನ್ನು ಎತ್ತಿಕೊಂಡು, “ಬಸ್ಸಿಗೆ ಹೊತ್ತಾಯ್ತು, ನೀವು ಬರ್ತೀರಾ, ನಾನೊಬ್ಬಳೇ ಹೋಗಲಾ?” ಎಂದಳು. ನಾಯಿ ಕಚ್ಚಿದ್ದಕ್ಕೆ ಇಂಜೆಕ್ಷನ್ ಸಿಗುತ್ತಿದ್ದ ಬಂಟ್ವಾಳದ ಆಸ್ಪತ್ರೆಗೆ ಹೋದೆವು. ಡಾಕ್ಟರು ಗಾಯವನ್ನು ಸೋಪು ಹಾಕಿ ತೊಳೆಸಿ, ನಮ್ಮನ್ನು ಕೂರಿಸಿ ಹೇಳಿದರು, “ಹೊಟ್ಟೆಗೆ ಹದಿನಾಲ್ಕು ಇಂಜೆಕ್ಷನ್. ದಿನಕ್ಕೊಂದು. ಒಂದು ದಿನವೂ ತಪ್ಪಿಸಬಾರದು. ಹುಚ್ಚುನಾಯಿಯ ರೋಗ ಬಂದ ಮೇಲೆ ನನ್ನ ಹತ್ತಿರ ಮದ್ದಿಲ್ಲ, ಯಾರ ಹತ್ತಿರವೂ ಇಲ್ಲ.”

ಅಂದಿನಿಂದ ನಮ್ಮ ಮನೆಯಲ್ಲಿ ಬೇರೆ ಲೆಕ್ಕವೇ ಇರಲಿಲ್ಲ. ಒಂದು ಆಯಿತು, ಎರಡು ಆಯಿತು, ಮೂರು ಆಯಿತು. ಬೆಳಿಗ್ಗೆ ಬಸ್ಸಿನಲ್ಲಿ ಹೋಗಿ, ಪುಂಜಾಲಕಟ್ಟೆಯ ಮೇಲೆ ಹಾದು ಬಂಟ್ವಾಳ ಮುಟ್ಟಿ, ಇಂಜೆಕ್ಷನ್ ಕೊಡಿಸಿ, ಮಧ್ಯಾಹ್ನ ಹಿಂದೆ ಬರುವುದು. ಮಗಳ ಹೊಟ್ಟೆಯಲ್ಲಿ ಚುಚ್ಚಲು ಜಾಗ ಸಾಲದೆ ಹೊಕ್ಕುಳ ಸುತ್ತ ಊದಿಕೊಂಡಿತ್ತು. ಅವಳು ಮೊದಲ ಎರಡು ದಿನ ಕಿರುಚಿದಳು, ಆಮೇಲೆ ಸುಮ್ಮನಾದಳು. ಆ ಸುಮ್ಮನಿರುವುದನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ. ಭಾವ ಎರಡನೇ ದಿನವೇ, “ಬಸ್ಸು ಯಾಕೆ? ಅಮೆರಿಕನ್ ಉಂಟಲ್ಲ, ನಾನು ಕರ್ಕೊಂಡು ಹೋಗ್ತೇನೆ” ಎಂದಿದ್ದರು. ಆ ಡಬ್ಬಿಯ ಮೇಲೆ ನನ್ನ ಮಗಳನ್ನು ಕೂರಿಸುವುದಿಲ್ಲ ಎಂದು ನಾನು ಮುಖ ಮುರಿಯುವಂತೆ ಹೇಳಿದ್ದೆ.

ಒಂಬತ್ತು ಇಂಜೆಕ್ಷನ್ ಆಯಿತು. ಹತ್ತನೆಯ ದಿನ ಬಸ್ಸು ಬರಲಿಲ್ಲ. ಬೆಳ್ತಂಗಡಿಯ ಕಡೆಯಿಂದ ಬಂದ ಒಬ್ಬರು, ಬಸ್ಸಿನ ಆಕ್ಸಲ್ ತುಂಡಾಗಿ ದಾರಿಯಲ್ಲಿ ನಿಂತಿದೆ, ಎರಡು ಮೂರು ದಿನ ಬರುವ ಸಂಭವವಿಲ್ಲ ಎಂದರು. ಆ ದಾರಿಯಲ್ಲಿ ಬೆಳಿಗ್ಗೆ ಬರುವ ಬಸ್ಸು ಅದೊಂದೇ. ಆಸ್ಪತ್ರೆಯ ಬಾಗಿಲು ಹನ್ನೆರಡಕ್ಕೆ ಮುಚ್ಚುತ್ತದೆ. ಮಾನ ಮರ್ಯಾದೆ ಎಲ್ಲ ಬದಿಗಿಟ್ಟು ಭಾವನ ಮನೆಗೆ ಓಡಿದೆ.

ಭಾವ ಜಗಲಿಯಲ್ಲಿ ಎಡಗಾಲು ಚಾಚಿ ಕುಳಿತಿದ್ದರು. ಹಿಂದಿನ ದಿನ ಅಂಗಳದಲ್ಲಿ ಮೊಳೆ ಚುಚ್ಚಿ ಪಾದ ಕುಂಬಳಕಾಯಿಯಷ್ಟಾಗಿತ್ತು. ಅದನ್ನು ನೋಡಿ ನಾನು ಮೆಟ್ಟಿಲಲ್ಲೇ ಕುಳಿತುಬಿಟ್ಟೆ.

“ಎಡಗಾಲು ಇಲ್ಲದೆ ಅಮೆರಿಕನ್ ಓಡುವುದಿಲ್ಲ” ಎಂದರು ಭಾವ. ಆಮೇಲೆ ನನ್ನ ಕಾಲಿನತ್ತ ನೋಡಿದರು. “ನೀನು ಹೊಲಿಗೆ ಮೆಷಿನ್ ತುಳಿಯಲು ಶುರು ಮಾಡಿ ಎಷ್ಟು ವರ್ಷ ಆಯ್ತು?”

“ಮೂಡುಬಿದಿರೆಯಲ್ಲಿ ಕೆಲಸ ಕಲಿತದ್ದೂ ಸೇರಿ ಹನ್ನೆರಡು. ಈಗ ಅದೆಲ್ಲ ಯಾಕೆ?”

“ಏಳು ಮಾರಾಯ. ನಿನ್ನಿಂದ ಆಗ್ತದೆ.”

ಕೋಳಿಯನ್ನು ಎಬ್ಬಿಸಿ, ಗಾಡಿಯನ್ನು ಶಾಲೆಯ ಮೈದಾನಕ್ಕೆ ತಳ್ಳಿದೆವು. ಭಾವ ಕೋಲೂರಿ ಕುಂಟುತ್ತಾ ಬಂದು ಒಂದೊಂದಾಗಿ ತೋರಿಸಿದರು. ಬಲಗೈ ತಿರುಪಿದರೆ ವೇಗ. ಎಡಗೈಯ ಹಿಡಿಯನ್ನು ಮುಂದಕ್ಕೆ ತಿರುಪಿದರೆ ಕಿಡಿ ಬೇಗ ಹಾರುತ್ತದೆ, ಹೊರಡಿಸುವಾಗ ಹಿಂದಕ್ಕೆ ತಿರುಪು, ಎಂಜಿನ್ ಎದ್ದ ಮೇಲೆ ಮುಂದಕ್ಕೆ ತಂದು ಬಿಡು, ಮತ್ತೆ ಮುಟ್ಟಬೇಡ. ಬಲಗಾಲಿಗೆ ಬ್ರೇಕು. “ಎಡಗಾಲಿಗೆ ನಾನು ಏನೂ ಕಲಿಸುವುದಿಲ್ಲ. ಅದಕ್ಕೆ ಗೊತ್ತುಂಟು.”

ನಿಜಕ್ಕೂ ಗೊತ್ತಿತ್ತು. ಹಿಮ್ಮಡಿ ಒತ್ತಿ ಗೇರಿನ ಕೋಲು ಎಳೆದು, ಬೆರಳನ್ನು ಮೆಲ್ಲಗೆ ಕೆಳಗಿಳಿಸಿದೆ. ರೇಷ್ಮೆ ಬಟ್ಟೆಗೆ ಮೊದಲ ಹೊಲಿಗೆ ಹಾಕುವಾಗ ಹೇಗೆ ಇಳಿಸುತ್ತೇವೋ ಹಾಗೆ. ಅಷ್ಟು ದೊಡ್ಡ ಗಾಡಿ ಒಂದು ಜಗ್ಗು ಇಲ್ಲದೆ ಮುಂದೆ ಹೋಯಿತು. ಮೈದಾನಕ್ಕೆ ನಾಲ್ಕು ಸುತ್ತು ಹಾಕಿ ಬಂದಾಗ ಭಾವ ಕೋಲಿನ ಮೇಲೆ ಗಲ್ಲವಿಟ್ಟು ನಿಂತಿದ್ದರು. ಯುದ್ಧದ ಕಾಲದಲ್ಲಿ ಸಿಪಾಯಿಗಳಿಗೆ ಇಷ್ಟು ಕಲಿಸಲು ಹದಿನೈದು ದಿನ ಬೇಕಾಗಿತ್ತಂತೆ. ಲೈಸೆನ್ಸು ಗೀಸೆನ್ಸು ಯಾವುದರ ನೆನಪೂ ನಮಗಿಬ್ಬರಿಗೂ ಬರಲಿಲ್ಲ.

ಗಾಡಿಯಲ್ಲಿ ಒಬ್ಬನಿಗೇ ಸೀಟು, ಹಿಂದೆ ಸಾಮಾನು ಕಟ್ಟುವ ಕಬ್ಬಿಣದ ಕ್ಯಾರಿಯರು. ಅದರಲ್ಲಿ ಮಗುವನ್ನು ಹೇಗೆ ಕೂರಿಸುವುದು? ಅಂಗಡಿಗೆ ಹೋಗಿ, ಹಾಸಿಗೆಗೆಂದು ಯಾರೋ ಕೊಟ್ಟಿದ್ದ ದಪ್ಪ ಪಟ್ಟೆ ಬಟ್ಟೆಯನ್ನು ಅಳತೆಯಿಲ್ಲದೆ ಕತ್ತರಿಸಿದೆ. ಕಾಲು ಗಂಟೆಯಲ್ಲಿ ಕಾಲು ತೂರಿಸಲು ಎರಡು ತೂತು, ನನ್ನ ಹೆಗಲಿಗೆ ಎರಡು ಪಟ್ಟಿ ಇಟ್ಟು ಎರಡೆರಡು ಹೊಲಿಗೆ ಹಾಕಿ ಒಂದು ಚೀಲ ಹೊಲಿದೆ. ಕ್ಯಾರಿಯರಿಗೆ ದಿಂಬು ಕಟ್ಟಿ ಮಗಳನ್ನು ಕೂರಿಸಿ, ಚೀಲದೊಳಗೆ ಸೇರಿಸಿ ನನ್ನ ಬೆನ್ನಿಗೆ ಬಿಗಿದುಕೊಂಡೆ. ಹೆಂಡತಿ ಚೀಲದ ಒಂದೊಂದು ಹೊಲಿಗೆಯನ್ನೂ ಎಳೆದು ನೋಡಿದಳು. ಹನ್ನೆರಡು ವರ್ಷದಲ್ಲಿ ನನ್ನ ಕೆಲಸವನ್ನು ಅಷ್ಟು ಕೂಲಂಕಷವಾಗಿ ನೋಡಿದ ಗಿರಾಕಿ ಇನ್ನೊಬ್ಬರಿಲ್ಲ.

ಗಂಟೆ ಒಂಬತ್ತು ದಾಟಿತ್ತು. ಮಳೆ ಸಣ್ಣಗೆ ಹನಿಯುತ್ತಿತ್ತು. ಕೆಂಪು ಮಣ್ಣಿನ ರಸ್ತೆಯಲ್ಲಿ ಗಾಡಿ ನನ್ನ ಮಾತು ಕೇಳುತ್ತಾ ಹೋಯಿತು. ಏರಿನಲ್ಲಿ ಅವಸರವಿಲ್ಲ, ಇಳಿತದಲ್ಲಿ ಹಾರಾಟವಿಲ್ಲ. ಒಳ್ಳೆಯ ಮೆಷಿನ್ನು ಓಡುವ ಶಬ್ದ ನನಗೆ ತಿಳಿಯುತ್ತದೆ. ಭಾವನ ಮಾತನ್ನೆಲ್ಲ ಬಡಾಯಿ ಎಂದುಕೊಂಡದ್ದಕ್ಕೆ ಮನಸ್ಸಿನಲ್ಲೇ ಎರಡು ಸಲ ತಪ್ಪಾಯಿತು ಎಂದೆ. ಹಿಂದಿನಿಂದ ಮಗಳು ದಾರಿಯಲ್ಲಿ ಕಂಡ ದನಗಳನ್ನು ಎಣಿಸುತ್ತಿದ್ದಳು.

ಪುಂಜಾಲಕಟ್ಟೆ ಸಿಗಲು ಇನ್ನೊಂದು ಮೈಲು ಇರುವಾಗ ಒಂದು ಮೋರಿಯ ಮೇಲೆ ನೀರು ಹರಿಯುತ್ತಿತ್ತು. ಮೊಣಕಾಲಿಗಿಂತ ಕೆಳಗೇ ಇದ್ದಿರಬೇಕು, ಆದರೆ ಕೆಂಪಗೆ, ರಭಸವಾಗಿತ್ತು. ಈ ಗಾಡಿಯನ್ನು ನೀರಿಗಿಳಿಯಲೆಂದೇ ಮಾಡಿದ್ದು, ಮೆಲ್ಲಗೆ ಹೋಗು, ನಿಲ್ಲಿಸಬೇಡ ಎಂದು ಭಾವ ಹೇಳಿಕೊಟ್ಟಿದ್ದರು. ಇಳಿದೆ. ನಡು ನೀರಿಗೆ ಬಂದಾಗ ಮುಂದಿನ ಚಕ್ರ ಒಂದು ಕಲ್ಲಿಗೆ ತಾಗಿ ಓಲಾಡಿತು. ಆಮೇಲೆ ಗಾಡಿ ಮುಂದೆ ಹಾರಿತು, ನಿಂತಿತು, ಮತ್ತೆ ಹಾರಿತು, ಮತ್ತೆ ನಿಂತಿತು. ಏನಾಗುತ್ತಿದೆ ಎಂದೇ ನನಗೆ ತಿಳಿಯಲಿಲ್ಲ. ಕಡೆಗೆ ಎಂಜಿನ್ನೇ ನಿಂತಿತು.

ಬೆನ್ನ ಹಿಂದಿನಿಂದ ಮಗಳು ಕೇಳಿದಳು, “ಅಪ್ಪ, ನೀನು ಯಾಕೆ ಹೊಲಿಯುವುದು?”

ಕೆಳಗೆ ನೋಡಿದೆ. ಎಂಜಿನ್ ಸತ್ತಿದ್ದರೂ ನನ್ನ ಎಡಗಾಲು ಬೆರಳು, ಹಿಮ್ಮಡಿ, ಬೆರಳು, ಹಿಮ್ಮಡಿ ಎಂದು ಪೆಡಲನ್ನು ತುಳಿಯುತ್ತಲೇ ಇತ್ತು. ಅವಸರದ ಕೆಲಸ ಬಂದಾಗ, ಗಿರಾಕಿ ಎದುರು ನಿಂತು ಗಡಿಬಿಡಿ ಮಾಡಿದಾಗ ನನ್ನ ಕಾಲು ಮಾಡುವುದೇ ಅದು. ಜೋರಾಗಿ ತುಳಿಯುವುದು. ಹೆದರಿದ ಕೂಡಲೇ ಆ ಕಾಲು ಅಂಗಡಿಗೆ ಹೋಗಿಬಿಟ್ಟಿತ್ತು. ಓವರ್‌ಸಿಯರನ್ನು ನೋಡಿ ನಕ್ಕಿದ್ದವನು ನಾನು. ತಪ್ಪು ಗಾಡಿಯದ್ದಲ್ಲ, ನೀರಿನದ್ದೂ ಅಲ್ಲ, ನನ್ನ ಹನ್ನೆರಡು ವರ್ಷದ ಅನ್ನದ್ದು.

ಎರಡೂ ಕಾಲನ್ನು ನೀರಿನಲ್ಲಿ ಊರಿ, ಗಾಡಿಯನ್ನು ತಳ್ಳುತ್ತಾ ಆಚೆ ದಡ ಸೇರಿದೆ. ಜೇಬಿನಲ್ಲಿದ್ದ ಅಸ್ತರಿನ ಬಟ್ಟೆಯ ತುಂಡಿನಿಂದ ಎರಡು ಪ್ಲಗ್ಗಿನ ತಲೆಯನ್ನೂ ತಂತಿಯನ್ನೂ ಒರೆಸಿದೆ. ಕಿಕ್ ಹೊಡೆದೆ. ಇಲ್ಲ. ಮತ್ತೆ ಹೊಡೆದೆ. ಇಲ್ಲ. ಸಿಟ್ಟು ಬಂದು ಗಾಡಿಯನ್ನೂ, ಬಸ್ಸಿನ ಆಕ್ಸಲನ್ನೂ, ಆ ನಾಯಿಯನ್ನೂ ಸೇರಿಸಿ ಬಾಯಿಗೆ ಬಂದಂತೆ ಬೈದೆ. ಆಗ ನೆನಪಾಯಿತು, ಹೊರಡಿಸುವಾಗ ಎಡಗೈಯ ಹಿಡಿಯನ್ನು ಹಿಂದಕ್ಕೆ ತಿರುಪಬೇಕು ಎಂದಿದ್ದರು ಭಾವ. ತಿರುಪಿ ಹೊಡೆದೆ. ಗುಡುಗಿನ ಹಾಗೆ ಎದ್ದಿತು. ಆ ಶಬ್ದ ಕೇಳಿದಾಗ ಆದಷ್ಟು ಸಮಾಧಾನ ನನಗೆ ನನ್ನ ಮದುವೆಯ ದಿನವೂ ಆಗಿರಲಿಲ್ಲ.

ಮುಂದಿನ ದಾರಿಯುದ್ದಕ್ಕೂ ಮಗಳು ಚೀಲದೊಳಗಿನಿಂದ ಕಾವಲು ಕಾದಳು. ಗಾಡಿ ಸ್ವಲ್ಪ ಓಲಾಡಿದರೂ, “ಅಪ್ಪ, ಹೊಲಿಯಬೇಡ” ಎನ್ನುತ್ತಿದ್ದಳು. ಬಂಟ್ವಾಳದ ಆಸ್ಪತ್ರೆ ಮುಟ್ಟಿದಾಗ ಕಂಪೌಂಡರು ಬಾಗಿಲು ಮುಚ್ಚಲು ಎದ್ದಿದ್ದರು. ಮೈಯೆಲ್ಲ ಕೆಸರಾಗಿದ್ದ ನಮ್ಮಿಬ್ಬರನ್ನು ನೋಡಿ ಮತ್ತೆ ಒಳಗೆ ಹೋಗಿ ಸೂಜಿ ಕುದಿಸಲು ಇಟ್ಟರು. ಹತ್ತು ಆಯಿತು. ನಾನು ಹೊರಗೆ ಬಂದು ಅಮೆರಿಕನ್‌ನ ಸೀಟಿನ ಮೇಲೆ ತಲೆಯಿಟ್ಟು ಅತ್ತೆ. ಯಾರು ನೋಡಿದರು, ಬಿಟ್ಟರು ಎಂಬ ಚಿಂತೆ ಬರಲಿಲ್ಲ.

ಹನ್ನೊಂದು, ಹನ್ನೆರಡು ಕೂಡ ಅದರಲ್ಲೇ ಆಯಿತು. ಹದಿಮೂರನೆಯ ದಿನ ಬಸ್ಸು ಬಂದರೂ ಮಗಳು ಹತ್ತಲು ಒಪ್ಪಲಿಲ್ಲ, ನಾನೂ ಒತ್ತಾಯಿಸಲಿಲ್ಲ. ಹದಿನಾಲ್ಕು ಮುಗಿದ ದಿನ ಡಾಕ್ಟರು ನನ್ನನ್ನು ಬದಿಗೆ ಕರೆದು, “ಆಗಬೇಕಾದ್ದು ಆಯ್ತು. ಮೂರು ತಿಂಗಳು ಕಳೆಯಲಿ, ಆಮೇಲೆ ಒಮ್ಮೆ ಬನ್ನಿ” ಎಂದರು. ಮೂರು ತಿಂಗಳು ಏನನ್ನು ಕಾಯಬೇಕು ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಮಗಳಿಗೆ ಯಾರೂ ಏನೂ ತಿಳಿಸಲಿಲ್ಲ.

ಆ ಮೂರು ತಿಂಗಳಲ್ಲಿ ನಾನು ಭಾವನ ಕೊಟ್ಟಿಗೆಗೆ ಆಗಾಗ ಹೋಗುತ್ತಿದ್ದೆ. ಸರಪಳಿಗೆ ಎಣ್ಣೆ ಹಾಕುವುದು, ಪ್ಲಗ್ಗು ಉಜ್ಜುವುದು ಎಲ್ಲ ಕಲಿತೆ. ಹರಿದಿದ್ದ ಸೀಟಿಗೆ ಹೊಸ ಹೊದಿಕೆ ಹೊಲಿದೆ. ಅಮೆರಿಕದವರೇ ಈಗ ಹೊಸ ಮಾಡೆಲ್‌ಗಳಲ್ಲಿ ಕ್ಲಚ್ಚನ್ನು ಕೈಗೆ ಕೊಟ್ಟು, ಗೇರನ್ನು ಕಾಲಿಗೆ ಇಳಿಸಿದ್ದಾರೆ, ಇಂಗ್ಲೆಂಡಿನವರ ಕ್ರಮವೇ ಗೆದ್ದಿತು ಎಂದು ಭಾವ ಒಂದು ದಿನ ಬೇಸರದಿಂದ ಹೇಳಿದರು. ನನ್ನ ಕಾಲಿನ ವಿದ್ಯೆಗೆ ಇನ್ನು ಲೋಕದಲ್ಲಿ ಬೆಲೆಯಿಲ್ಲ ಎಂದಾಯಿತು. ಆಗಬೇಕಾದ ಕೆಲಸ ಆಗಿತ್ತಲ್ಲ, ನನಗೇನೂ ಬೇಸರವಾಗಲಿಲ್ಲ.

ಮೂರು ತಿಂಗಳು ತುಂಬಿದ ಮೇಲೆ ಮಗಳನ್ನು ಅಮೆರಿಕನ್‌ನಲ್ಲೇ ಬಂಟ್ವಾಳಕ್ಕೆ ಕರೆದುಕೊಂಡು ಹೋದೆ. ಡಾಕ್ಟರು ಅವಳ ಕಣ್ಣು, ನಾಲಗೆ, ಕಾಲಿನ ಗಾಯ ನೋಡಿ, ಅವಳನ್ನು ಹೊರಗೆ ಕಳಿಸಿ ನನಗೆ ಹೇಳಿದರು, “ಇನ್ನು ಹೆದರಬೇಡಿ.” ಅಷ್ಟೇ. ಊರಿಗೆ ಬಂದು ಹೆಂಡತಿಗೆ ಹೇಳಿದೆ, ಅವಳು ಒಲೆಯ ಮುಂದೆ ಕುಳಿತವಳು ಏಳಲೇ ಇಲ್ಲ. ಮಗಳ ಜೊತೆ ಗಾಡಿಯನ್ನು ಒಪ್ಪಿಸಲು ಹೋದವನು ಭಾವನ ಜಗಲಿಯಲ್ಲಿ ಕಾಫಿ ಕುಡಿಯುತ್ತಾ ಎಷ್ಟೋ ದಿನಗಳ ಮೇಲೆ ಬಾಯಿ ತುಂಬ ಮಾತಾಡಿದೆ.

ಕೊಟ್ಟಿಗೆಯಿಂದ ಟಣ್, ಟಣ್ ಎಂದು ಶಬ್ದ ಬಂತು. ಹೋಗಿ ನೋಡಿದರೆ ಮಗಳು ಸೀಟಿನ ಮೇಲೆ ಹತ್ತಿ ಕುಳಿತು, ಟ್ಯಾಂಕಿನ ಮುಚ್ಚಳ ತಿರುಪಿ ತೆಗೆದು, ಲಂಗದಲ್ಲಿ ತುಂಬಿಕೊಂಡ ಕಲ್ಲುಗಳನ್ನು ಒಂದೊಂದಾಗಿ ಒಳಗೆ ಹಾಕಿ, ಕಿವಿಯಿಟ್ಟು ಕೇಳುತ್ತಿದ್ದಾಳೆ. ನನಗೆ ಎಲ್ಲಿತ್ತೋ ಕೋಪ, ನೆತ್ತಿಗೇರಿತು. “ಬುದ್ಧಿ ಉಂಟಾ ನಿನಗೆ? ಇಷ್ಟು ದೊಡ್ಡವಳಾಗಿ ಮಾಡುವ ಕೆಲಸವಾ ಇದು? ಕತ್ತೆ! ಇಳಿ ಕೆಳಗೆ!” ಎಂದು ಕೊಟ್ಟಿಗೆ ಹಾರಿಹೋಗುವ ಹಾಗೆ ಕಿರುಚಿದೆ. ಹಿಂದೆಯೇ ಬಂದ ಭಾವ ತಮ್ಮ ಗಾಡಿಯ ಟ್ಯಾಂಕನ್ನು ನೋಡಲೂ ಇಲ್ಲ, ನನ್ನ ಮುಖವನ್ನು ನೋಡಿದರು. ನಾಯಿ ಕಚ್ಚಿದ ದಿನದಿಂದ ಆ ಮಗುವನ್ನು ನಮ್ಮಲ್ಲಿ ಯಾರೂ ಗದರಿಸಿರಲಿಲ್ಲ.

ಮಗಳು ಕೆಳಗಿಳಿದಳು. ಕೈಯಲ್ಲಿ ಉಳಿದಿದ್ದ ಕಲ್ಲನ್ನು ನೆಲದ ಮೇಲೆ ಇಟ್ಟು, ನನ್ನನ್ನೇ ನೋಡುತ್ತಾ ಕೇಳಿದಳು, “ಅಪ್ಪ, ಹಾಗಾದರೆ ನಾನು ಇನ್ನು ಸಾಯುವುದಿಲ್ವಾ?”

ಅವಳಿಗೆ ಮೊದಲಿನಿಂದಲೂ ಗೊತ್ತಿತ್ತು.

“ಇಲ್ಲ ಮಗಾ” ಎಂದೆ. “ಸಾಯುವುದಿಲ್ಲ.”

ಅಷ್ಟು ಕೇಳಿದ ಮೇಲೆಯೇ ಅವಳು ಬೈಸಿಕೊಂಡದ್ದಕ್ಕೆ ಬಾಯಿ ತೆರೆದು ಅಳಲು ಶುರು ಮಾಡಿದ್ದು.